ಅಡಿಕೆ ಸುಲಿಯೋ ಕೆಲಸವಾ, ತೇರು ಎಳೆಯೋ ಕೆಲಸವಾ? ಲ್ಯಾಬಿನ ಮಷಿನ್‌ಗಳಿಗೆ ಕ್ಲಸ್ಟರ್ ಆರಿಸುವ ಮೊದಲು

“ಲ್ಯಾಬಲ್ಲಿ 20 ಮಷಿನ್ ಇವೆ. ಎಲ್ಲದರಲ್ಲೂ ಲಿನಕ್ಸ್ ಇದೆ, ಎಲ್ಲ ಒಂದೇ ಸ್ವಿಚ್ಚಿಗೆ ಸೇರಿವೆ. ಕ್ಲಸ್ಟರ್ ಮಾಡಬೇಕು ಸರ್, ಯಾವುದು ಹಾಕೋದು?”

ಕ್ಲಸ್ಟರ್ ಅಂದರೆ ಹಲವು ಮಷಿನ್‌ಗಳನ್ನು ಜೋಡಿಸಿ ಒಟ್ಟಿಗೆ ದುಡಿಸುವ ವ್ಯವಸ್ಥೆ. ಹೀಗೆ ಕೇಳುವವರು ಕಾಯುತ್ತಿರುವುದು ಅದನ್ನು ನಡೆಸುವ ಒಂದು ಸಾಫ್ಟ್‌ವೇರಿನ ಹೆಸರಿಗೆ, ಅಷ್ಟೆ. ಸ್ಲರ್ಮ್ ಅಂದರೆ ಸ್ಲರ್ಮ್, ಕಾಂಡರ್ ಅಂದರೆ ಕಾಂಡರ್. ಅವತ್ತೇ ರಾತ್ರಿ ಕೂತು ಇನ್‌ಸ್ಟಾಲ್ ಮಾಡುತ್ತಾರೆ, ಮಾರನೇ ದಿನ ಎಲ್ಲರಿಗೂ ಮೆಸೇಜ್ ಹಾಕುತ್ತಾರೆ, ಎರಡು ತಿಂಗಳು ಬಿಟ್ಟು ನೋಡಿದರೆ ಆ ಕ್ಯೂನಲ್ಲಿ (ಸರದಿ ಸಾಲಿನಲ್ಲಿ) ಒಂದು ಜಾಬೂ (ಓಡಿಸಲು ಕೊಟ್ಟ ಕೆಲಸವೂ) ಇರುವುದಿಲ್ಲ, ಎಲ್ಲರೂ ಹಳೇ ಥರವೇ ಒಂದೊಂದು ಮಷಿನ್‌ಗೆ ಎಸ್‌ಎಸ್‌ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ), ಟಾಪ್ ಕಮಾಂಡ್ ಹಾಕಿ, ಯಾವುದು ಖಾಲಿ ಇದೆ ಅಂತ ಹುಡುಕಿ ರನ್ ಮಾಡುತ್ತಿರುತ್ತಾರೆ. ಸಾಫ್ಟ್‌ವೇರ್ ಕೆಟ್ಟದ್ದು ಅಂತಲ್ಲ. ಇವರ ಕೆಲಸಕ್ಕೂ ಅದಕ್ಕೂ ಜೋಡಿ ಕೂಡಲಿಲ್ಲ.

ಅದಕ್ಕೇ ಹೆಸರು ಹೇಳುವ ಮೊದಲು ನಾನು ಎರಡು ವಿಷಯ ಕೇಳುತ್ತೇನೆ. ನಿಮ್ಮದು ಅಡಿಕೆ ಸುಲಿಯುವ ಕೆಲಸವೋ, ತೇರು ಎಳೆಯುವ ಕೆಲಸವೋ? ಆಮೇಲೆ, ಆ ಮಷಿನ್‌ಗಳು ಯಾರವು?

ಮಲೆನಾಡಿನ ಮನೆಗಳಲ್ಲಿ ಅಡಿಕೆ ಸುಲಿಯಲು ಕೂತವರನ್ನು ನೋಡಿದ್ದೀರಾ? ಹತ್ತು ಜನ, ಹತ್ತು ಕತ್ತಿ, ಹತ್ತು ಬುಟ್ಟಿ. ಒಬ್ಬರು ಚಹಾ ಕುಡಿಯಲು ಎದ್ದು ಹೋದರೆ ಉಳಿದವರಿಗೆ ಏನೂ ಆಗುವುದಿಲ್ಲ. ಹನ್ನೊಂದನೆಯವರು ಬಂದು ಕೂತರೆ ಕೆಲಸ ಅಷ್ಟು ಬೇಗ ಮುಗಿಯುತ್ತದೆ. ಒಬ್ಬರ ಅಡಿಕೆಗೂ ಇನ್ನೊಬ್ಬರ ಅಡಿಕೆಗೂ ಸಂಬಂಧ ಇಲ್ಲ. ಕಂಪ್ಯೂಟರ್ ಕೆಲಸದಲ್ಲಿ ಬಹುಪಾಲು ಇಂಥದ್ದೇ. ಒಂದೇ ಪ್ರೋಗ್ರಾಮನ್ನು 400 ಬೇರೆ ಬೇರೆ ಇನ್‌ಪುಟ್ ಕೊಟ್ಟು ಓಡಿಸುವುದು, ಸಾವಿರ ಉಪಗ್ರಹ ಚಿತ್ರಗಳನ್ನು ಒಂದೊಂದಾಗಿ ಸರಿಪಡಿಸುವುದು, ಜೀನ್ ಸೀಕ್ವೆನ್ಸ್‌ಗಳನ್ನು ಡೇಟಾಬೇಸ್ ಜೊತೆ ಹೋಲಿಸುವುದು, ಎಲ್ಲ ಇದೇ ಜಾತಿ.

ತೇರಿನದು ಬೇರೆ ಕಥೆ. ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಎಳೆಯಬೇಕು. ಅರ್ಧ ಜನ ಬಂದಿದ್ದಾರೆ, ಅರ್ಧ ತೇರು ಎಳೆದಿಡೋಣ ಅನ್ನುವ ಹಾಗಿಲ್ಲ. ಒಬ್ಬ ಎಡವಿ ಬಿದ್ದರೆ ಎಲ್ಲರೂ ನಿಲ್ಲಬೇಕು. ಹವಾಮಾನದ ಮಾಡೆಲ್ ಓಡಿಸುವವರದ್ದು ಈ ಕೆಲಸ. ಭೂಪಟವನ್ನು ಚೌಕ ಚೌಕ ಮಾಡಿ ಒಂದೊಂದು ಚೌಕವನ್ನು ಒಂದೊಂದು ಕೋರ್‌ಗೆ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಕ್ಕೆ) ಕೊಟ್ಟಿರುತ್ತಾರೆ. ಆದರೆ ಪಕ್ಕದ ಚೌಕದಲ್ಲಿ ಗಾಳಿ ಎತ್ತ ಬೀಸುತ್ತಿದೆ ಅಂತ ಗೊತ್ತಾಗದೆ ಈ ಚೌಕದ ಮುಂದಿನ ಹೆಜ್ಜೆಯ ಲೆಕ್ಕ ಆಗುವುದಿಲ್ಲ. ಹೀಗಾಗಿ ಪ್ರತಿ ಹೆಜ್ಜೆಗೂ ಎಲ್ಲರೂ ಪಕ್ಕದವರ ಜೊತೆ ಮಾತಾಡಬೇಕು. ದ್ರವಗಳ ಹರಿವು, ಅಣುಗಳ ಚಲನೆ, ಇವುಗಳ ದೊಡ್ಡ ಸಿಮ್ಯುಲೇಶನ್‌ಗಳೂ ಇದೇ ಸಾಲಿಗೆ ಬರುತ್ತವೆ.

ಕ್ಲಸ್ಟರ್ ಅನ್ನುವ ಒಂದೇ ಪದದ ಕೆಳಗೆ ಮೂರು ಬೇರೆ ಬೇರೆ ಸಾಮಾನು ಸೇರಿಕೊಂಡಿರುವುದರಿಂದಲೂ ಗೊಂದಲ ಜಾಸ್ತಿ. ಒಂದು, ಕ್ಯೂ ನೋಡಿಕೊಳ್ಳುವ ಶೆಡ್ಯೂಲರ್. ಯಾವ ಜಾಬ್, ಯಾವ ಮಷಿನ್ನಿನಲ್ಲಿ, ಯಾವಾಗ ಅಂತ ತೀರ್ಮಾನ ಮಾಡುವುದು ಅದು. ಸ್ಲರ್ಮ್, ಎಚ್‌ಟಿಕಾಂಡರ್ (ಕಾಂಡರ್‌ನ ಈಗಿನ ಹೆಸರು), ಪಿಬಿಎಸ್, ಎಲ್‌ಎಸ್‌ಎಫ್ ಎಲ್ಲ ಇದೇ. ಎರಡನೆಯದು, ಪ್ರೋಗ್ರಾಮಿನ ತುಣುಕುಗಳು ತಮ್ಮೊಳಗೆ ಮಾತಾಡಲು ಬಳಸುವ ಲೈಬ್ರರಿ. ಎಂಪಿಐ ಅಂತ ಕೇಳಿರುತ್ತೀರಲ್ಲ, ಅದು. 1994ರಲ್ಲಿ ಅದರ ಮೊದಲ ಸ್ಟ್ಯಾಂಡರ್ಡ್ ಬಂತು. ಮೂರನೆಯದು, ಎಲ್ಲ ಮಷಿನ್‌ಗಳನ್ನೂ ಸೇರಿಸಿ ಒಂದೇ ದೊಡ್ಡ ಮಷಿನ್ ಥರ ತೋರಿಸುವ ಪ್ರಯತ್ನ. ಅದರ ಕಥೆ ಆಮೇಲೆ. ತುಂಬ ಜನ ಶೆಡ್ಯೂಲರ್ ಹಾಕಿದ ಕೂಡಲೇ ತಮ್ಮ ಪೈಥಾನ್ ಸ್ಕ್ರಿಪ್ಟ್ ತಾನಾಗಿ 20 ಮಷಿನ್ ಮೇಲೆ ಹರಡಿಕೊಂಡು 20 ಪಟ್ಟು ಜೋರಾಗುತ್ತದೆ ಅಂದುಕೊಂಡಿರುತ್ತಾರೆ. ಹಾಗೆ ಆಗುವುದಿಲ್ಲ. ಒಂದು ಕೋರ್‌ನಲ್ಲಿ ಓಡುವಂತೆ ಬರೆದ ಪ್ರೋಗ್ರಾಮ್ ಕ್ಲಸ್ಟರ್‌ನಲ್ಲೂ ಒಂದೇ ಕೋರ್‌ನಲ್ಲಿ ಓಡುತ್ತದೆ. ಶೆಡ್ಯೂಲರ್ ಮಾಡುವುದು ಇಷ್ಟೆ, ನಿಮ್ಮ 400 ಪ್ರೋಗ್ರಾಮ್‌ಗಳನ್ನು ಖಾಲಿ ಇರುವ ಕೋರ್‌ಗಳಿಗೆ ಹಂಚುತ್ತದೆ.

ಭಾಗ ಮಾಡಿ ಬರೆದ ಪ್ರೋಗ್ರಾಮಿಗೂ ಒಂದು ಮಿತಿ ಇದೆ. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಮುಂದಿಟ್ಟ ಲೆಕ್ಕ ಅದು, ತುಂಬ ಸುಲಭ. ನಿಮ್ಮ ಕೆಲಸಕ್ಕೆ 100 ನಿಮಿಷ ಬೇಕು ಅಂದುಕೊಳ್ಳಿ, ಅದರಲ್ಲಿ 10 ನಿಮಿಷದ ಭಾಗವನ್ನು ಹಂಚಲು ಬರುವುದಿಲ್ಲ. 10 ಕೋರ್ ಕೊಟ್ಟರೆ 19 ನಿಮಿಷಕ್ಕೆ ಇಳಿಯುತ್ತದೆ. 100 ಕೋರ್ ಕೊಟ್ಟರೆ ಸುಮಾರು 11 ನಿಮಿಷ. ಸಾವಿರ ಕೊಟ್ಟರೂ 10ರ ಕೆಳಗೆ ಇಳಿಯುವುದಿಲ್ಲ. ದುಡ್ಡು ಹಾಕಿ ಮಷಿನ್ ತರುವ ಮೊದಲು ಒಂದು ಹಾಳೆಯಲ್ಲಿ ಈ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಈಗ ಎರಡನೇ ಪ್ರಶ್ನೆಗೆ ಬರೋಣ, ಮಷಿನ್‌ಗಳು ಯಾರವು? ನನ್ನ ಪ್ರಕಾರ ಆಯ್ಕೆಯಲ್ಲಿ ಅರ್ಧ ಇಲ್ಲೇ ಮುಗಿಯುತ್ತದೆ.

1980ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಬ್ಬೊಬ್ಬರ ಟೇಬಲ್ ಮೇಲೂ ಒಂದೊಂದು ಯೂನಿಕ್ಸ್ ವರ್ಕ್‌ಸ್ಟೇಶನ್ ಬಂತು. ಅದಕ್ಕೆ ಮೊದಲು ಎಲ್ಲರಿಗೂ ಸೇರಿ ಒಂದು ದೊಡ್ಡ ಮಷಿನ್ ಇರುತ್ತಿತ್ತು, ಅದು ಯಾವಾಗಲೂ ಬ್ಯುಸಿ. ಈಗ ಉಲ್ಟಾ ಆಯಿತು. ದಿನದ ಬಹುಪಾಲು ಹೊತ್ತು ಈ ವರ್ಕ್‌ಸ್ಟೇಶನ್‌ಗಳು ಸುಮ್ನೆ ಕೂತಿರುತ್ತಿದ್ದವು, ಪಕ್ಕದ ರೂಮಿನಲ್ಲಿ ಒಬ್ಬ ತನ್ನ ಒಂದೇ ಮಷಿನ್ನಿನಲ್ಲಿ ವಾರಗಟ್ಟಲೆ ಸಿಮ್ಯುಲೇಶನ್ ಓಡಿಸುತ್ತಿರುತ್ತಿದ್ದ. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಮಿರಾನ್ ಲಿವ್ನಿ ಮತ್ತು ಅವರ ಜೊತೆಗಾರರು ಈ ಸುಮ್ನೆ ಕೂತ ಮಷಿನ್‌ಗಳನ್ನು ಹಿಡಿದು ದುಡಿಸಲು ಮಾಡಿದ್ದೇ ಕಾಂಡರ್. 1988ರಿಂದ ಇದೆ. 2012ರಲ್ಲಿ ಹೆಸರು ಎಚ್‌ಟಿಕಾಂಡರ್ ಅಂತ ಆಯಿತು.

ಇದರ ನಡವಳಿಕೆ ನಮ್ಮ ಕಡೆಯ ಮುಯ್ಯಾಳಿನ ಥರ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಆದರೆ ನನ್ನ ಮನೆಯಲ್ಲೇ ಕೆಲಸ ಬಿದ್ದರೆ ನಿಮ್ಮ ಗದ್ದೆ ಬಿಟ್ಟು ಬರುತ್ತೇನೆ, ಅದಕ್ಕೆ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ಡೆಸ್ಕ್‌ಟಾಪ್ ಪಾಲಿಸಿ ಹಾಕಿದರೆ ಎಚ್‌ಟಿಕಾಂಡರ್ ಪ್ರತಿ ಮಷಿನ್ನಿನ ಕೀಬೋರ್ಡ್, ಮೌಸ್ ಮೇಲೆ ಕಣ್ಣಿಟ್ಟಿರುತ್ತದೆ. ಹದಿನೈದು ನಿಮಿಷ ಯಾರೂ ಮುಟ್ಟಿಲ್ಲ, ಮಷಿನ್ನಿನ ಮೇಲೆ ಲೋಡೂ ಇಲ್ಲ ಅಂದರೆ ಕ್ಯೂನಿಂದ ಒಂದು ಜಾಬ್ ತಂದು ಓಡಿಸುತ್ತದೆ. ಯಜಮಾನ ಬಂದು ಒಂದು ಕೀ ಒತ್ತಿದರೆ ಜಾಬನ್ನು ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ಕಾದು, ಯಜಮಾನ ಎದ್ದು ಹೋಗದಿದ್ದರೆ ಜಾಬನ್ನು ಅಲ್ಲಿಂದ ಎಬ್ಬಿಸಿ ಕ್ಯೂಗೆ ವಾಪಸ್ ಕಳಿಸುತ್ತದೆ. ಕಾಂಡರ್ ಸ್ಟೇಟಸ್ ಕಮಾಂಡ್ ಹೊಡೆದರೆ ಅಂಥ ಮಷಿನ್ ಮುಂದೆ “ಓನರ್” ಅಂತ ಕಾಣುತ್ತದೆ. ಆ ಒಂದು ಪದ ನನಗೆ ಬಹಳ ಇಷ್ಟ. ಮಷಿನ್ ಯಾರದ್ದು ಅನ್ನುವುದನ್ನು ಸಾಫ್ಟ್‌ವೇರೇ ಒಪ್ಪಿಕೊಂಡ ಹಾಗಿರುತ್ತದೆ.

ಈ ಯಜಮಾನಿಕೆ ಯಾಕೆ ಇಷ್ಟು ಮುಖ್ಯ ಅಂದರೆ, ನಿಮ್ಮ ಜಾಬಿನಿಂದ ಬೇರೆಯವರ ಮಷಿನ್ ಸ್ಲೋ ಆದರೆ ಅವರು ನಿಮಗೆ ಮೇಲ್ ಬರೆಯುವುದಿಲ್ಲ, ಪವರ್ ಬಟನ್ ಒತ್ತುತ್ತಾರೆ. ಮೂರು ದಿನದ ರನ್ ಅಲ್ಲಿಗೆ ಮಣ್ಣುಪಾಲು. ಹಿಂದೆ ಕಾಂಡರ್‌ನಲ್ಲಿ ಪ್ರೋಗ್ರಾಮನ್ನು ಅದರದ್ದೇ ಲೈಬ್ರರಿ ಜೊತೆ ಲಿಂಕ್ ಮಾಡಿದರೆ ಓಡುತ್ತಿದ್ದ ಸ್ಥಿತಿಯನ್ನು ಹಾಗೇ ಉಳಿಸಿ ಬೇರೆ ಮಷಿನ್ನಿನಲ್ಲಿ ಮುಂದುವರಿಸುವ ವ್ಯವಸ್ಥೆ ಇತ್ತು. ಹೊಸ ಆವೃತ್ತಿಗಳಲ್ಲಿ ಅದನ್ನು ತೆಗೆದಿದ್ದಾರೆ. ಈಗ ಅರ್ಧ ಗಂಟೆಗೊಮ್ಮೆ ಎಲ್ಲಿಗೆ ಬಂದಿದ್ದೇನೆ ಅಂತ ಫೈಲಿಗೆ ಬರೆದುಕೊಳ್ಳುವ ಜವಾಬ್ದಾರಿ ನಿಮ್ಮ ಪ್ರೋಗ್ರಾಮಿನದು. ಯಾವ ಶೆಡ್ಯೂಲರ್ ಹಾಕಿದರೂ ಇದನ್ನು ಮಾಡಿಟ್ಟುಕೊಳ್ಳಿ. ನಮ್ಮಲ್ಲಿ ಪವರ್ ಬಟನ್ ಯಾರೂ ಒತ್ತದಿದ್ದರೂ ಕರೆಂಟ್ ಹೋಗುತ್ತದೆ, ಅಲ್ವಾ?

ಎಚ್‌ಟಿಕಾಂಡರ್‌ನ ಇನ್ನೊಂದು ಅನುಕೂಲ, ಎಲ್ಲ ಮಷಿನ್‌ಗಳಿಗೂ ಒಂದೇ ಶೇರ್ಡ್ ಡಿಸ್ಕ್ ಇರಲೇಬೇಕು ಅಂತಿಲ್ಲ. ಯಾವ ಇನ್‌ಪುಟ್ ಫೈಲ್ ಬೇಕು ಅಂತ ಸಬ್ಮಿಟ್ ಫೈಲಿನಲ್ಲಿ ಬರೆದರೆ ಅದೇ ಆ ಮಷಿನ್‌ಗೆ ಕಾಪಿ ಮಾಡಿ, ಜಾಬ್ ಮುಗಿದ ಮೇಲೆ ಔಟ್‌ಪುಟ್ ವಾಪಸ್ ತರುತ್ತದೆ. ಸಬ್ಮಿಟ್ ಫೈಲಿನ ಕೊನೇ ಸಾಲಿನಲ್ಲಿ “ಕ್ಯೂ 400” ಅಂತ ಬರೆದರೆ 400 ಜಾಬ್ ಆಗುತ್ತದೆ, ಒಂದೊಂದಕ್ಕೂ 0ರಿಂದ 399ರವರೆಗೆ ಒಂದೊಂದು ನಂಬರ್. ಆ ನಂಬರ್ ಹಿಡಿದು ನಿಮ್ಮ ಸ್ಕ್ರಿಪ್ಟ್ ತನ್ನ ಪಾಲಿನ ಇನ್‌ಪುಟ್ ತೆಗೆದುಕೊಳ್ಳುತ್ತದೆ. ಕೆಲವು ಮಷಿನ್ ಲಿನಕ್ಸ್, ಕೆಲವು ಮ್ಯಾಕ್, ಒಂದೆರಡು ವಿಂಡೋಸ್ ಇದ್ದರೂ ನಡೆಯುತ್ತದೆ. ಜಾಬ್ ತನಗೆ ಏನು ಬೇಕು ಅಂತ ಹೇಳುತ್ತದೆ, ಮಷಿನ್ ತನ್ನಲ್ಲಿ ಏನಿದೆ, ಯಾರ ಜಾಬನ್ನು ಒಳಗೆ ಬಿಡುತ್ತೇನೆ ಅಂತ ಹೇಳುತ್ತದೆ, ನಡುವೆ ಒಬ್ಬ ಮದುವೆ ದಲ್ಲಾಳಿ ಥರದ ಪ್ರೋಗ್ರಾಮ್ ಕೂತು ಎರಡೂ ಕಡೆಯ ಜಾತಕ ನೋಡಿ ಜೋಡಿಸುತ್ತದೆ. ಇದು ಚಿಕ್ಕ ಲ್ಯಾಬಿನ ಆಟಿಕೆ ಅಂದುಕೊಳ್ಳಬೇಡಿ. ಯುರೋಪಿನ ಕಣ ಭೌತಶಾಸ್ತ್ರದ ಲ್ಯಾಬ್ ಸರ್ನ್ ತನ್ನ ಬ್ಯಾಚ್ ಕೆಲಸಕ್ಕೆ (ಕ್ಯೂಗೆ ಹಾಕಿ ಓಡಿಸುವ ಕೆಲಸಕ್ಕೆ) ಎಲ್‌ಎಸ್‌ಎಫ್ ಬಿಟ್ಟು ಇದಕ್ಕೇ ಬಂದಿದೆ. ಕಣಗಳ ಡಿಕ್ಕಿಯ ಡೇಟಾ ವಿಶ್ಲೇಷಣೆ ಅಂದರೆ ಮತ್ತೇನು, ಲೆಕ್ಕವಿಲ್ಲದಷ್ಟು ಅಡಿಕೆ.

ಆದರೆ ಎಚ್‌ಟಿಕಾಂಡರ್‌ನಲ್ಲಿ ತೇರು ಎಳೆಯಲು ಹೋಗಬೇಡಿ. ಎಂಪಿಐ ಜಾಬ್ ಓಡಿಸಲು ಅದರಲ್ಲೂ ದಾರಿ ಇದೆ, ಆದರೆ ಸುತ್ತು ದಾರಿ. ಯಾವಾಗ ಬೇಕಾದರೂ ಎದ್ದು ಹೋಗಬಹುದು ಅನ್ನುವ ಆಳುಗಳ ಕೈಯಲ್ಲಿ ತೇರಿನ ಹಗ್ಗ ಕೊಟ್ಟರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ತೇರಿನ ಕೆಲಸಕ್ಕೆ ಮಷಿನ್‌ಗಳು ಕ್ಲಸ್ಟರ್‌ಗೇ ಮೀಸಲಾಗಿರಬೇಕು. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ 486 ಪ್ರೊಸೆಸರ್‌ನ 16 ಮಷಿನ್‌ಗಳನ್ನು ಮಾಮೂಲಿ ಈಥರ್‌ನೆಟ್‌ನಲ್ಲಿ ಜೋಡಿಸಿ, ಲಿನಕ್ಸ್ ಹಾಕಿ, ಬಿಯೊವುಲ್ಫ್ ಅಂತ ಹೆಸರಿಟ್ಟರು. ಕಡಿಮೆ ದುಡ್ಡಿನ ಸೂಪರ್ ಕಂಪ್ಯೂಟರ್ ಅನ್ನುವ ಆಸೆ ಜಗತ್ತಿನ ಎಲ್ಲ ಕಾಲೇಜುಗಳಿಗೂ ಹತ್ತಿದ್ದು ಅಲ್ಲಿಂದ. ಇವತ್ತೂ ಅದು ಒಳ್ಳೆಯ ಆಸೆಯೇ. ಆದರೆ ನೆಟ್‌ವರ್ಕ್ ಕಡೆ ಒಮ್ಮೆ ನೋಡಿ. ಮಾಮೂಲಿ ಗಿಗಾಬಿಟ್ ಈಥರ್‌ನೆಟ್‌ನಲ್ಲಿ ಒಂದು ಚಿಕ್ಕ ಸಂದೇಶ ಈ ಮಷಿನ್‌ನಿಂದ ಆ ಮಷಿನ್‌ಗೆ ಮುಟ್ಟಲು ಹತ್ತಾರು ಮೈಕ್ರೋಸೆಕೆಂಡ್ ಬೇಕು, 50 ಅಂತಲೇ ಇಟ್ಟುಕೊಳ್ಳಿ. 3 ಗಿಗಾಹರ್ಟ್ಸ್‌ನ ಕೋರ್‌ಗೆ ಅಷ್ಟರಲ್ಲಿ ಒಂದೂವರೆ ಲಕ್ಷ ಸೈಕಲ್ ಕಳೆದಿರುತ್ತದೆ. ಪ್ರತಿ ಹೆಜ್ಜೆಗೂ ಹೀಗೆ ಬಾಯಿ ಬಿಟ್ಟು ಕಾಯುತ್ತಾ ಕೂತರೆ 20 ಮಷಿನ್ ಸೇರಿ ಒಂದು ಮಷಿನ್ನಿಗಿಂತ ನಿಧಾನ ಆಗುವುದೂ ಉಂಟು. ಇನ್ಫಿನಿಬ್ಯಾಂಡ್ ಅನ್ನುವ ಜೋರು ನೆಟ್‌ವರ್ಕಿನ ಕಾರ್ಡು, ಸ್ವಿಚ್ಚು ಹಾಕಿದರೆ ಇದು ಒಂದೆರಡು ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. ಆದರೆ ಅದಕ್ಕೆ ದುಡ್ಡು ಬೇಕು. ಬಜೆಟ್ ಇಲ್ಲ ಅಂದರೆ 20 ಹಳೇ ಮಷಿನ್ ಜೋಡಿಸಿ ಒದ್ದಾಡುವ ಬದಲು ಜಾಸ್ತಿ ಕೋರ್ ಇರುವ ಒಂದೇ ಸರ್ವರ್ ತಗೊಂಡು ಅದರೊಳಗೇ ತೇರು ಎಳೆಯುವುದು ವಾಸಿ. ಇದನ್ನು ಹೇಳಿದರೆ ಕ್ಲಸ್ಟರ್ ಕಟ್ಟುವ ಉತ್ಸಾಹದಲ್ಲಿ ಇರುವವರಿಗೆ ಸ್ವಲ್ಪ ಬೇಸರವಾಗುತ್ತದೆ, ಗೊತ್ತು.

ಮೀಸಲು ಮಷಿನ್‌ಗಳು ಇವೆ, ಎಂಪಿಐ ಕೆಲಸವೂ ಇದೆ, ಅಡಿಕೆ ಕೆಲಸವೂ ಇದೆ ಅಂದರೆ ಸ್ಲರ್ಮ್ ಹಾಕಿ. 2002ರ ಸುಮಾರಿಗೆ ಅಮೆರಿಕದ ಲಾರೆನ್ಸ್ ಲಿವರ್ಮೋರ್ ಲ್ಯಾಬಿನಲ್ಲಿ ಶುರುವಾದದ್ದು ಇದು. ಓಪನ್ ಸೋರ್ಸ್. ಜಗತ್ತಿನ ದೊಡ್ಡ ದೊಡ್ಡ ಸೂಪರ್ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಇದರ ಮೇಲೆ ನಡೆಯುತ್ತವೆ. ಬೆಂಗಳೂರಿನ ಐಐಎಸ್ಸಿಯಲ್ಲಿ 2022ರಲ್ಲಿ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಲ್ಲೂ ಸ್ಲರ್ಮೇ ಇದೆ. ಇದು ಸುಮ್ನೆ ಹೆಮ್ಮೆಗೆ ಹೇಳಿದ್ದಲ್ಲ. ನಿಮ್ಮ ಲ್ಯಾಬಿನ ಹುಡುಗರು ನಾಳೆ ಅಂಥ ಮಷಿನ್‌ನಲ್ಲಿ ಅಕೌಂಟ್ ತಗೊಂಡರೆ, ಇಲ್ಲಿ ಎಸ್‌ಬ್ಯಾಚ್‌ಗೆ (ಸ್ಲರ್ಮ್‌ಗೆ ಜಾಬ್ ಕೊಡುವ ಕಮಾಂಡ್) ಬರೆದ ಸ್ಕ್ರಿಪ್ಟನ್ನೇ ನಾಲ್ಕು ಸಾಲು ತಿದ್ದಿ ಅಲ್ಲಿ ಹಾಕಬಹುದು.

ಶೆಡ್ಯೂಲರ್ ಒಳಗೆ ನಿಜಕ್ಕೂ ಏನು ನಡೆಯುತ್ತದೆ ಅನ್ನುವುದಕ್ಕೆ ಮದುವೆ ಮನೆಯ ಪಂಕ್ತಿ ನೋಡಿ. ನೂರು ಎಲೆ ಹಾಕುವ ಜಾಗ ಇದೆ. ಗಂಡಿನ ಕಡೆಯ 40 ಜನ ಒಟ್ಟಿಗೇ ಕೂರಬೇಕು ಅಂತ ಹಟ, ಇದು ನಿಮ್ಮ ಎಂಪಿಐ ಜಾಬ್. ಈಗ 25 ಎಲೆ ಮಾತ್ರ ಖಾಲಿ ಇದೆ, ಉಳಿದ ಜಾಗದಲ್ಲಿ ಜನ ಊಟ ಮಾಡುತ್ತಿದ್ದಾರೆ, ಅವರು ಏಳಲು ಇನ್ನೂ ಇಪ್ಪತ್ತು ನಿಮಿಷ. ಖಾಲಿ ಎಲೆಗಳಿಗೆ ಒಬ್ಬೊಬ್ಬರನ್ನೇ ಕೂರಿಸುತ್ತಾ ಹೋದರೆ 40 ಎಲೆ ಒಟ್ಟಿಗೆ ಖಾಲಿ ಆಗುವುದೇ ಇಲ್ಲ, ಬೀಗರು ಮುನಿಸಿಕೊಳ್ಳುತ್ತಾರೆ. 25 ಎಲೆಯನ್ನು ಹಾಗೇ ಖಾಲಿ ಇಟ್ಟರೆ ಜಾಗ ದಂಡ. ಬುದ್ಧಿವಂತ ಮೇಲ್ವಿಚಾರಕ ಏನು ಮಾಡುತ್ತಾನೆ? ಬಸ್ಸಿಗೆ ಹೊತ್ತಾಯಿತು, ಹದಿನೈದೇ ನಿಮಿಷದಲ್ಲಿ ಉಂಡು ಏಳುತ್ತೇನೆ ಅನ್ನುವವರನ್ನು ಕರೆದು ಆ 25 ಎಲೆಗೆ ಕೂರಿಸುತ್ತಾನೆ. ಬೀಗರಿಗೆ ತಡ ಆಗುವುದಿಲ್ಲ, ಎಲೆಯೂ ಖಾಲಿ ಬೀಳುವುದಿಲ್ಲ. ಇದಕ್ಕೆ ಬ್ಯಾಕ್‌ಫಿಲ್ ಅನ್ನುತ್ತಾರೆ. 1990ರ ದಶಕದ ನಡುವೆ ಅಮೆರಿಕದ ಆರ್ಗಾನ್ ಲ್ಯಾಬಿನಲ್ಲಿ ಐಬಿಎಂ ಎಸ್‌ಪಿ ಮಷಿನ್ ಮೇಲೆ ಇದನ್ನು ಮಾಡಿ ತೋರಿಸಿದರು, ಸ್ಲರ್ಮ್‌ನಲ್ಲಿ ಇದು ಮೊದಲಿಂದಲೇ ಆನ್ ಆಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಳಸುವವರು ಹತ್ತರಲ್ಲಿ ಒಂಬತ್ತು ಜನ ಗಮನಿಸುವುದಿಲ್ಲ. ಎಷ್ಟು ಹೊತ್ತು ಉಣ್ಣುತ್ತೀರಿ ಅಂತ ನೀವು ಮೊದಲೇ ಹೇಳಿದರೆ ಮಾತ್ರ ಆ ಎಲೆ ನಿಮಗೆ ಸಿಗುತ್ತದೆ. ಎರಡು ಗಂಟೆಯ ಜಾಬಿಗೆ “ಇರಲಿ” ಅಂತ ಏಳು ದಿನದ ಟೈಮ್ ಲಿಮಿಟ್ ಹಾಕಿದರೆ ಶೆಡ್ಯೂಲರ್ ಅದನ್ನು ಏಳು ದಿನದ ಜಾಬ್ ಅಂತಲೇ ನಂಬುತ್ತದೆ. ಕಿಂಡಿಯಲ್ಲಿ ತೂರಿಸಲು ಬರುವುದಿಲ್ಲ, ಕ್ಯೂ ತೋರಿಸುವ ಎಸ್‌ಕ್ಯೂ ಕಮಾಂಡ್ ಹೊಡೆದರೆ ನಿಮ್ಮ ಜಾಬ್ ಮುಂದೆ ಕಂಸದಲ್ಲಿ “ರಿಸೋರ್ಸಸ್” ಅಥವಾ “ಪ್ರಯಾರಿಟಿ” ಅಂತ ಬಿದ್ದಿರುತ್ತದೆ. ಮೂರು ಗಂಟೆ ಅಂತ ಹಾಕಿ ನೋಡಿ.

ಇನ್ನು ನ್ಯಾಯದ ಪ್ರಶ್ನೆ. ಒಬ್ಬನೇ ಬಂದು ಸಾವಿರ ಜಾಬ್ ಸುರಿದು ಹೋದರೆ ಹಿಂದೆ ಬಂದವರ ಗತಿ? ಎರಡೂ ಸಿಸ್ಟಮ್‌ಗಳು ಯಾರು ಎಷ್ಟು ತಿಂದರು ಅಂತ ಲೆಕ್ಕ ಇಟ್ಟು, ಜಾಸ್ತಿ ತಿಂದವರನ್ನು ಹಿಂದಕ್ಕೆ ತಳ್ಳುತ್ತವೆ. ಆದರೆ ಮರೆವಿನಲ್ಲಿ ವ್ಯತ್ಯಾಸ ಇದೆ. ಎಚ್‌ಟಿಕಾಂಡರ್ ಡೀಫಾಲ್ಟ್ ಆಗಿ ಒಂದು ದಿನಕ್ಕೆ ಅರ್ಧ ಮರೆಯುತ್ತದೆ. ಸ್ಲರ್ಮ್‌ನ ಫೇರ್‌ಶೇರ್ (ಈ ಪಾಲಿನ ಲೆಕ್ಕ) ಏಳು ದಿನಕ್ಕೆ ಅರ್ಧ. ಅಂದರೆ ಸೋಮವಾರ ನೀವು ಮಾಡಿದ ದುಂದುವೆಚ್ಚದ ಅರ್ಧ ಮುಂದಿನ ಸೋಮವಾರವೂ ನಿಮ್ಮ ತಲೆ ಮೇಲೆ ಇರುತ್ತದೆ. ಐದಾರು ಜನರ ಲ್ಯಾಬಿಗೆ ಅಷ್ಟು ಉದ್ದದ ನೆನಪು ಬೇಡ ಅಂತ ನನಗೆ ಅನ್ನಿಸುತ್ತದೆ, ಎರಡು ದಿನಕ್ಕೆ ಇಳಿಸಿದರೆ ಜಗಳ ಕಡಿಮೆ. ಸ್ಲರ್ಮ್‌ನಲ್ಲಿ ಈ ಲೆಕ್ಕಕ್ಕೆ ಒಂದು ಡೇಟಾಬೇಸ್ ಬೇರೆ ಇಡಬೇಕು, ಅದೊಂದು ಹೆಚ್ಚಿನ ಕೆಲಸ.

ಮೂರನೇ ಜಾತಿಯ ಕಥೆ ಹೇಳುತ್ತೇನೆ ಅಂದಿದ್ದೆ. ಜೆರುಸಲೇಂನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಅಮ್ನೋನ್ ಬರಾಕ್ 1970ರ ದಶಕದಲ್ಲೇ ಶುರು ಮಾಡಿದ ಮೋಸಿಕ್ಸ್ ಅನ್ನುವ ಸಿಸ್ಟಮ್ ಇದೆ. ಕ್ಯೂ ಇಲ್ಲ, ಸ್ಕ್ರಿಪ್ಟ್ ಇಲ್ಲ. ನಿಮ್ಮ ಮಷಿನ್‌ನಲ್ಲಿ ಪ್ರೋಗ್ರಾಮ್ ಶುರು ಮಾಡಿದರೆ ಸಾಕು, ಲೋಡ್ ಜಾಸ್ತಿ ಆದರೆ ಆ ಪ್ರೋಸೆಸ್ ಓಡುತ್ತಿರುವಾಗಲೇ ಎದ್ದು ಪಕ್ಕದ ಖಾಲಿ ಮಷಿನ್‌ಗೆ ಹೋಗುತ್ತದೆ. ಕೇಳಲು ಎಷ್ಟು ಚಂದ ಅಲ್ವಾ? 2002ರಲ್ಲಿ ಇದರ ಒಂದು ಕವಲು ಓಪನ್‌ಮೋಸಿಕ್ಸ್ ಅಂತ ಬಂದಾಗ ಲಿನಕ್ಸ್ ಹುಚ್ಚು ಇದ್ದವರೆಲ್ಲ ಅದರ ಹಿಂದೆ ಬಿದ್ದರು. ತೊಂದರೆ ಏನಪ್ಪಾ ಅಂದರೆ ಪ್ರೋಸೆಸ್ ಹೊಸ ಮನೆಗೆ ಹೋದರೂ ಅದರ ರೇಷನ್ ಕಾರ್ಡ್ ಹಳೇ ಮನೆಯಲ್ಲೇ. ಫೈಲ್, ನೆಟ್‌ವರ್ಕ್ ಅಂತ ಏನೇ ಬೇಕಾದರೂ ಬಹುಪಾಲು ಮೊದಲ ಮಷಿನ್‌ಗೇ ತಿರುಗಿ ಕೇಳಬೇಕಿತ್ತು. ಥ್ರೆಡ್ ಹಾಕಿ ಮೆಮೊರಿ ಹಂಚಿಕೊಳ್ಳುವ ಪ್ರೋಗ್ರಾಮ್‌ಗಳು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಮಲ್ಟಿಕೋರ್ ಅಗ್ಗವಾದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಎಂಟು ಕೋರ್ ಸಿಗುತ್ತಿರುವಾಗ ಇಷ್ಟೆಲ್ಲ ಯಾಕೆ ಅಂತ ಆಗಿ 2008ರಲ್ಲಿ ಓಪನ್‌ಮೋಸಿಕ್ಸ್ ಮುಚ್ಚಿತು. ಹಳೇ ಲೇಖನ ನೋಡಿ ಅದನ್ನು ಹುಡುಕಿಕೊಂಡು ಹೋಗಬೇಡಿ ಅಂತ ಇಷ್ಟು ಹೇಳಿದೆ.

ಹಳೇ ಲೇಖನಗಳಲ್ಲಿ ಗ್ರಿಡ್ ಎಂಜಿನ್ ಅನ್ನುವ ಶೆಡ್ಯೂಲರ್ ಹೆಸರೂ ಸಿಗುತ್ತದೆ. ಸನ್ ಕಂಪನಿ 2000ರಲ್ಲಿ ಕೊಂಡು ಓಪನ್ ಸೋರ್ಸ್ ಮಾಡಿತು, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು, ಅಲ್ಲಿಂದ ಉನಿವಾ, 2020ರಲ್ಲಿ ಆಲ್ಟೇರ್. ಒಂದೊಂದು ಕೈ ಬದಲಾದಾಗಲೂ ಬಳಸುವವರು ಯಾವ ಆವೃತ್ತಿ ಹಿಡಿಯಬೇಕು ಅಂತ ತಲೆ ಕೆರೆದುಕೊಂಡರು. ನಾಸಾದಲ್ಲಿ ಹುಟ್ಟಿದ ಪಿಬಿಎಸ್ ಕೂಡ ಆಲ್ಟೇರ್ ಕೈ ಸೇರಿತ್ತು, 2025ರಲ್ಲಿ ಆಲ್ಟೇರೇ ಸೀಮೆನ್ಸ್ ಪಾಲಾಯಿತು, ಪಿಬಿಎಸ್‌ನ ಒಂದು ರೂಪ ಓಪನ್ ಆಗಿದೆ, ಗಟ್ಟಿ ಸಾಮಾನು. ಐಐಎಸ್ಸಿಯ ಹಳೇ ಕ್ರೇ ಮಷಿನ್ ಸಹಸ್ರ-ಟಿ ಅದರ ಮೇಲೆ ನಡೆದದ್ದು. ಟೊರಾಂಟೊದ ಪ್ಲಾಟ್‌ಫಾರ್ಮ್ ಕಂಪನಿಯ ಎಲ್‌ಎಸ್‌ಎಫ್ 2012ರಿಂದ ಐಬಿಎಂನದು, ಲೈಸೆನ್ಸಿಗೆ ದುಡ್ಡು. ಚಿಪ್ ಡಿಸೈನ್ ಕಂಪನಿಗಳಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಆಫೀಸಿನವರು ಕೊಂಡು ಸಪೋರ್ಟ್ ಕೊಟ್ಟರೆ ಬಳಸಿ, ಲ್ಯಾಬಿನವರು ಅದಕ್ಕೆ ದುಡ್ಡು ಹಾಕುವ ಅಗತ್ಯ ಇಲ್ಲ. ಕುಬರ್ನೆಟೀಸ್ ಹಾಕಲೇ ಅಂತಲೂ ಕೇಳುತ್ತಾರೆ. ಅದು ಸದಾ ಎದ್ದಿರಬೇಕಾದ ವೆಬ್ ಸರ್ವಿಸ್‌ಗಳನ್ನು ನೋಡಿಕೊಳ್ಳಲು ಹುಟ್ಟಿದ್ದು. ಈಗಾಗಲೇ ಗೊತ್ತಿದ್ದರೆ ಸರಿ, ಬ್ಯಾಚ್ ಕ್ಯೂಗೋಸ್ಕರ ಹೊಸದಾಗಿ ಕಲಿಯುವುದು ನೊಣ ಹೊಡೆಯಲು ಒನಕೆ ತಂದ ಹಾಗೆ.

ಮಷಿನ್ ಬರೀ ಮೂರೋ ನಾಲ್ಕೋ, ಬಳಸುವವರು ನೀವೊಬ್ಬರೇ ಅಂದರೆ ಶೆಡ್ಯೂಲರ್ ಕೂಡ ಬೇಡ. ಗ್ನೂ ಪ್ಯಾರಲಲ್ ಅಂತ ಒಂದು ಕಮಾಂಡ್ ಇದೆ, ಅದಕ್ಕೆ ಮಷಿನ್‌ಗಳ ಹೆಸರಿರುವ ಒಂದು ಫೈಲ್ ಕೊಟ್ಟರೆ ಎಸ್‌ಎಸ್‌ಎಚ್ ಮೂಲಕವೇ ಕೆಲಸ ಹಂಚುತ್ತದೆ. ಜಾಬ್‌ಲಾಗ್ ಇಡಲು ಹೇಳಿ, ಮತ್ತೆ ಓಡಿಸುವಾಗ ರಿಸ್ಯೂಮ್ ಅಂದರೆ ನಡುವೆ ನಿಂತದ್ದನ್ನು ಅಲ್ಲಿಂದಲೇ ಮುಂದುವರಿಸುತ್ತದೆ. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಎರಡನೇ ಮನುಷ್ಯ ಬಂದು “ನಾನೂ ಬಳಸಲಾ” ಅಂತ ಕೇಳಿದ ದಿನ ಶೆಡ್ಯೂಲರ್ ಬಗ್ಗೆ ಯೋಚನೆ ಮಾಡಿ.

ಈಗ ನನ್ನ ಪೆದ್ದುತನದ ಒಂದು ಕಥೆ. ಒಂದು ಲ್ಯಾಬಿನಲ್ಲಿ ಸ್ಲರ್ಮ್ ಹಾಕಿ, ಎಲ್ಲ ಸರಿ ಇದೆ ಅಂತ ಖುಷಿಯಲ್ಲಿ 400 ಜಾಬ್‌ನ ಒಂದು ಅರ್ರೇ (ಒಂದೇ ಸ್ಕ್ರಿಪ್ಟಿನ ನಂಬರ್ ಹಾಕಿದ ಜಾಬ್‌ಗಳ ಗುಂಪು) ಬಿಟ್ಟೆ. ಎಲ್ಲರ ಹೋಮ್ ಡೈರೆಕ್ಟರಿ ಒಂದೇ ಎನ್‌ಎಫ್‌ಎಸ್ ಸರ್ವರ್‌ನಲ್ಲಿತ್ತು, ಅಂದರೆ ನೆಟ್‌ವರ್ಕ್ ಮೂಲಕ ಎಲ್ಲ ಮಷಿನ್‌ಗಳೂ ಹಂಚಿಕೊಳ್ಳುವ ಡಿಸ್ಕಿನಲ್ಲಿ. ಪ್ರತಿ ಜಾಬೂ ತನ್ನ 2 ಜಿಬಿ ಫೈಲನ್ನು ಅಲ್ಲಿಂದಲೇ ಓದಬೇಕು, ನಡುನಡುವೆ ಸಾವಿರಾರು ಚಿಕ್ಕ ಫೈಲ್‌ಗಳನ್ನು ಅಲ್ಲೇ ಬರೆಯಬೇಕು. ಲೆಕ್ಕ ಹಾಕಿ ನೋಡಿ. 800 ಜಿಬಿ ಡೇಟಾ, ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ 110 ಎಂಬಿ ಬಂದರೆ ಹೆಚ್ಚು. ಬೇರೆ ಏನೂ ಮಾಡದೆ ಬರೀ ಓದಲಿಕ್ಕೇ ಎರಡು ಗಂಟೆ. ಐದು ನಿಮಿಷದಲ್ಲಿ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಹೊಡೆದರೂ ಉತ್ತರ ಬರದ ಸ್ಥಿತಿ. ಥೀಸಿಸ್ ಬರೆಯುತ್ತಿದ್ದ ಹುಡುಗಿಯೊಬ್ಬಳು ಬಂದು ಬಾಗಿಲಲ್ಲೇ ನಿಂತು, “ಸರ್, ನಿಮ್ಮ ಕ್ಲಸ್ಟರು ನನ್ನ ಫೈಲ್ ಓಪನ್ ಮಾಡೋಕೆ ಬಿಡ್ತಿಲ್ಲ” ಅಂದಳು. 20 ಮಷಿನ್‌ಗಳ ಕೋರ್‌ಗಳೆಲ್ಲ ಕೈ ಕಟ್ಟಿ ಕೂತಿದ್ದವು. ದುಡಿಯುತ್ತಿದ್ದದ್ದು ಒಂದೇ ಒಂದು ಡಿಸ್ಕ್.

ಸರಿ ಮಾಡಿದ್ದು ಎರಡೇ ಬದಲಾವಣೆಯಲ್ಲಿ. ಸ್ಕ್ರಿಪ್ಟಿನ ಶುರುವಿನಲ್ಲೇ ಇನ್‌ಪುಟ್ ಫೈಲನ್ನು ಆಯಾ ಮಷಿನ್ನಿನ ಸ್ವಂತ ಡಿಸ್ಕ್‌ಗೆ ಕಾಪಿ ಮಾಡಿಕೊಂಡು, ಚಿಕ್ಕ ಫೈಲ್‌ಗಳನ್ನೆಲ್ಲ ಅಲ್ಲೇ ಬರೆದು, ಕೊನೆಗೆ ಒಂದೇ ಫೈಲ್ ಮಾಡಿ ವಾಪಸ್ ತರುವುದು. ಮತ್ತೆ ಅರ್ರೇ ನಂಬರ್ ಪಕ್ಕ ಶೇಕಡಾ ಚಿಹ್ನೆ ಹಾಕಿ 20 ಅಂತ ಬರೆಯುವುದು, ಆಗ ಒಂದು ಸಲಕ್ಕೆ 20ಕ್ಕಿಂತ ಜಾಸ್ತಿ ಓಡುವುದಿಲ್ಲ. ಅಂದ ಹಾಗೆ ಸ್ಲರ್ಮ್‌ನಲ್ಲಿ ಡೀಫಾಲ್ಟ್ ಆಗಿ ಅರ್ರೇ ನಂಬರ್ 1000 ದಾಟುವುದಿಲ್ಲ, 5000 ಅಂತ ಕೊಟ್ಟು ಎರರ್ ನೋಡಿ ಗಾಬರಿ ಆಗಬೇಡಿ, ಸೆಟ್ಟಿಂಗ್ ಬದಲಾಯಿಸಬಹುದು.

ಹಾಕಲು ಕೂತಾಗ ಶೆಡ್ಯೂಲರ್‌ಗಿಂತ ಮೊದಲು ಮಾಡಬೇಕಾದ ಬೋರಿಂಗ್ ಕೆಲಸ ಒಂದಿಷ್ಟು ಇದೆ, ಎಡವುವುದೆಲ್ಲ ಇಲ್ಲೇ. ಎಲ್ಲ ಮಷಿನ್‌ಗಳಲ್ಲೂ ಯೂಸರ್ ನಂಬರ್ ಒಂದೇ ಇರಬೇಕು. ಒಂದರಲ್ಲಿ 1001 ಅಂದರೆ ನೀವು, ಇನ್ನೊಂದರಲ್ಲಿ 1001 ಅಂದರೆ ಬೇರೆ ಯಾರೋ ಆಗಿದ್ದರೆ, ಮಾಮೂಲಿಯಾಗಿ ಹಾಕಿದ ಎನ್‌ಎಫ್‌ಎಸ್ ನಂಬರ್ ಮಾತ್ರ ನೋಡುವುದರಿಂದ ನಿಮ್ಮ ಫೈಲ್ ಅವರದ್ದಾಗುತ್ತದೆ. 20 ಮಷಿನ್ ಆದರೆ ಯೂಸರ್‌ಗಳ ಪಟ್ಟಿಯನ್ನು ಒಂದೇ ಕಡೆ ಇಡುವ ಎಲ್‌ಡ್ಯಾಪ್ ಹಾಕಿಬಿಡಿ. ಮೆಮೊರಿಗೆ ಸಿಗ್ರೂಪ್ (ಲಿನಕ್ಸ್‌ನಲ್ಲೇ ಇರುವ ಮಿತಿ ಹಾಕುವ ವ್ಯವಸ್ಥೆ) ಮಿತಿ ಹಾಕಿ, ಇಲ್ಲದಿದ್ದರೆ 4 ಜಿಬಿ ಸಾಕು ಅಂತ ಹೇಳಿ 30 ಜಿಬಿ ನುಂಗುವ ಜಾಬ್ ಪಕ್ಕದವರ ಜಾಬನ್ನೂ ಕರೆದುಕೊಂಡು ಸಾಯುತ್ತದೆ. ಒಂದೊಂದು ನೋಡ್‌ನಲ್ಲಿ (ಕ್ಲಸ್ಟರಿನ ಮಷಿನ್ನಿನಲ್ಲಿ) ಎಷ್ಟು ಕೋರ್, ಎಷ್ಟು ಮೆಮೊರಿ ಅಂತ ಕೈಯಲ್ಲಿ ಬರೆಯಬೇಡಿ, ಸ್ಲರ್ಮ್‌ಡಿ ಕಮಾಂಡಿಗೆ ದೊಡ್ಡ ಸಿ ಕೊಟ್ಟರೆ ಕಾನ್ಫಿಗ್ ಫೈಲಿಗೆ ಹಾಕಬೇಕಾದ ಸಾಲನ್ನು ಅದೇ ಬರೆದುಕೊಡುತ್ತದೆ.

ಇದೆಲ್ಲ ಆದ ಮೇಲೆ ಮೊದಲ ಜಾಬ್ ಆಗಿ ದೊಡ್ಡದೇನೂ ಓಡಿಸಬೇಡಿ. ಮಷಿನ್ನಿನ ಹೆಸರು ಹೇಳುವ ಹೋಸ್ಟ್‌ನೇಮ್ ಕಮಾಂಡನ್ನು ಎಲ್ಲ ನೋಡ್‌ಗಳಲ್ಲೂ ಓಡಿಸಿ. 20 ಹೆಸರು ಬರಬೇಕು. ನನಗೆ ಅವತ್ತು ಬಂದದ್ದು 19. ಇಪ್ಪತ್ತನೇ ಮಷಿನ್ ಆನ್ ಆಗಿತ್ತು, ಪಿಂಗ್ ಹೋಗುತ್ತಿತ್ತು, ಎಸ್‌ಎಸ್‌ಎಚ್ ಆಗುತ್ತಿತ್ತು, ಸ್ಲರ್ಮ್ ಮಾತ್ರ ಅದನ್ನು ಡೌನ್ ಅನ್ನುತ್ತಿತ್ತು. ಕೇಬಲ್ ಬದಲಾಯಿಸಿದೆ, ಸ್ವಿಚ್ಚಿನ ಪೋರ್ಟ್ ಬದಲಾಯಿಸಿದೆ, ಫೈರ್‌ವಾಲ್ ಪೂರ್ತಿ ಆಫ್ ಮಾಡಿದೆ. ಲಾಗ್ ಓದಿದ್ದು ಎಲ್ಲಕ್ಕಿಂತ ಕೊನೆಗೆ, “ಎಕ್ಸ್‌ಪೈರ್ಡ್ ಕ್ರೆಡೆನ್ಶಿಯಲ್” ಅಂತ ಬಿದ್ದಿತ್ತು. ಸ್ಲರ್ಮ್‌ನ ಮಷಿನ್‌ಗಳು ಒಂದನ್ನೊಂದು ನಂಬಲು ಮಂಜ್ ಅನ್ನುವ ಪ್ರೋಗ್ರಾಮ್ ಚೀಟಿ ಬರೆದುಕೊಡುತ್ತದೆ, ಆ ಚೀಟಿಯ ಆಯಸ್ಸು ಐದು ನಿಮಿಷ. ಆ ಮಷಿನ್‌ಗೆ ಹೋಗಿ ಡೇಟ್ ಹೊಡೆದೆ. ಏಳು ನಿಮಿಷ ಹಿಂದಿತ್ತು. ಅದು ಬರೆದ ಚೀಟಿ ಇಲ್ಲಿಗೆ ಬರುವಷ್ಟರಲ್ಲಿ ಎರಡು ನಿಮಿಷ ಹಳಸಿರುತ್ತಿತ್ತು. ಸಮಯ ಹೊಂದಿಸುವ ಕ್ರೋನಿ ಪ್ರೋಗ್ರಾಮ್ ಹಾಕಿ ಗಡಿಯಾರ ಸರಿ ಮಾಡಿ, ನೋಡನ್ನು ರಿಸ್ಯೂಮ್ ಮಾಡಿ, ಇನ್ನೊಂದು ಸಲ ಹೋಸ್ಟ್‌ನೇಮ್ ಓಡಿಸಿದೆ. ಇಪ್ಪತ್ತನೆಯ ಹೆಸರೂ ಬಂತು.